ಬೀಗದವರ ಮಗ ಜಾರ್ಜ್ ಸೈಮನ್ ಓಮ್

ಈ ಸಂಚಿಕೆಗೆ ಒಬ್ಬ ಮಹನೀಯರ ಜೀವನ ಪರಿಚಯ ಬರೆದುಕೊಡಬೇಕು ಎಂದು ಕನ್ನಡ ಮೇಡಂ ಹೇಳಿದಾಗ ನಮ್ಮ ತರಗತಿಯಲ್ಲಿ ನಾಲ್ಕು ಜನ ಅಬ್ದುಲ್ ಕಲಾಂ ಅವರನ್ನು ಆರಿಸಿಕೊಂಡರು, ಮೂವರು ವಿಶ್ವೇಶ್ವರಯ್ಯನವರನ್ನು. ನಾನು ಜಾರ್ಜ್ ಸೈಮನ್ ಓಮ್ ಎಂದು ಹೆಸರು ಬರೆಸಿದೆ. ಕಾಮರ್ಸ್‌ನವರಿಗೆ ಓಮ್ ಯಾಕೆ ಬೇಕು ಎಂದು ಸೈನ್ಸ್ ವಿಭಾಗದ ಗೆಳೆಯರು ನಕ್ಕರು. ಅವರು ನಗುವುದರಲ್ಲಿ ತಪ್ಪಿಲ್ಲ. ಹತ್ತನೇ ತರಗತಿಯಲ್ಲಿ ಓಮ್‌ನ ನಿಯಮವನ್ನು ನಾನು ಚಿತ್ರ ಸಮೇತ ಬಾಯಿಪಾಠ ಮಾಡಿ ಅಂಕ ತೆಗೆದುಕೊಂಡು, ಫಲಿತಾಂಶ ಬಂದ ಮರುದಿನವೇ ಮರೆತಿದ್ದೆ. ಅದು ಮತ್ತೆ ನೆನಪಾಗುವಂತೆ ಮಾಡಿದ್ದು ಒಂದು ಬ್ಯಾಟರಿ ಗಾಡಿ.

ನನ್ನ ಮಾಮು ಆಟೋ ಎಲೆಕ್ಟ್ರಿಕಲ್ ಅಂಗಡಿ ಇಟ್ಟಿದ್ದಾರೆ. ಮೊದಲು ಕಾರು, ಲಾರಿಗಳ ಡೈನಮೋ, ಸೆಲ್ಫ್ ಮೋಟಾರ್ ರಿಪೇರಿ ಮಾಡುತ್ತಿದ್ದರು. ಈಗ ಗಾಲ್ಫ್ ಕಾರ್ಟ್ ಎಂಬ ಬ್ಯಾಟರಿ ಗಾಡಿಗಳೂ ಬರುತ್ತವೆ. ನಮ್ಮ ಕಡೆ ಅದರಲ್ಲಿ ಗಾಲ್ಫ್ ಆಡಲು ಹೋಗುವವರಿಗಿಂತ ರೆಸಾರ್ಟಿನಲ್ಲಿ ರೂಮಿನಿಂದ ಊಟದ ಹಾಲಿಗೆ ಹೋಗುವವರೇ ಜಾಸ್ತಿ. ಅಂಗಡಿಯ ಲೆಕ್ಕದ ಪುಸ್ತಕ ಬರೆಯುವುದು ನಾನು. ಪ್ರತಿ ಶನಿವಾರ ಸಂಜೆ ಕುಳಿತು ಬಂದದ್ದು, ಹೋದದ್ದು, ಹುಡುಗರ ವಾರದ ಕೂಲಿ ಎಲ್ಲ ಬರೆಯುತ್ತೇನೆ. ರಜೆಯಲ್ಲಿ ಕೈಗೂ ಸ್ವಲ್ಪ ಕೆಲಸ ಕಲಿತಿದ್ದೇನೆ. ಆ ಸ್ವಲ್ಪದಿಂದಲೇ ತೊಂದರೆಯಾಯಿತು. ಅದನ್ನು ಮುಂದೆ ಹೇಳುತ್ತೇನೆ. ಮೊದಲು ಓಮ್ ಅವರ ವಿಷಯ.

ಓಮ್ ಹುಟ್ಟಿದ್ದು 1789ರ ಮಾರ್ಚ್ 16ರಂದು, ಜರ್ಮನಿಯ ಎರ್ಲಾಂಗನ್ ಪಟ್ಟಣದಲ್ಲಿ. ತಂದೆ ಯೋಹಾನ್ ವೋಲ್ಫ್‌ಗಾಂಗ್ ಓಮ್ ಬೀಗ ಮಾಡುವ ಕುಶಲಕರ್ಮಿ. ತಾಯಿ ಮರಿಯಾ ಎಲಿಜಬೆತ್ ದರ್ಜಿಯ ಮಗಳು. ಏಳು ಮಕ್ಕಳು ಹುಟ್ಟಿದರೂ ಉಳಿದು ದೊಡ್ಡವರಾದದ್ದು ಮೂವರೇ: ಜಾರ್ಜ್, ತಮ್ಮ ಮಾರ್ಟಿನ್, ತಂಗಿ ಎಲಿಜಬೆತ್. ಜಾರ್ಜ್‌ಗೆ ಹತ್ತು ವರ್ಷವಾಗಿದ್ದಾಗ ತಾಯಿ ತೀರಿಕೊಂಡರು.

ತಂದೆ ಶಾಲೆಯಲ್ಲಿ ಹೆಚ್ಚು ಕಲಿತವರಲ್ಲ. ಆದರೆ ತಾವೇ ಪುಸ್ತಕ ಓದಿ ಗಣಿತ, ಭೌತಶಾಸ್ತ್ರ, ರಸಾಯನಶಾಸ್ತ್ರ, ತತ್ತ್ವಶಾಸ್ತ್ರ ಎಲ್ಲವನ್ನೂ ಕಲಿತಿದ್ದರು. ಗಂಡುಮಕ್ಕಳಿಬ್ಬರಿಗೂ ಮನೆಯಲ್ಲೇ ಪಾಠ ಹೇಳಿದರು. ಪಟ್ಟಣದ ಶಾಲೆಯಲ್ಲಿ ವಿಜ್ಞಾನಕ್ಕೆ ಅಷ್ಟು ಬೆಲೆ ಇರಲಿಲ್ಲ, ಹಳೆಯ ಭಾಷೆಗಳ ಬಾಯಿಪಾಠವೇ ಹೆಚ್ಚು. ಹಾಗಾಗಿ ಮಕ್ಕಳ ನಿಜವಾದ ಶಾಲೆ ಬೀಗದ ತಂದೆಯೇ. ಜಾರ್ಜ್‌ಗೆ ಹದಿನೈದು ವರ್ಷವಾದಾಗ ಎರ್ಲಾಂಗನ್ ವಿಶ್ವವಿದ್ಯಾಲಯದ ಗಣಿತ ಪ್ರಾಧ್ಯಾಪಕ ಲಾಂಗ್ಸ್‌ಡಾರ್ಫ್ ಆ ಹುಡುಗರನ್ನು ಪರೀಕ್ಷಿಸಿ, ಇವರು ಮುಂದೆ ಬರ್ನೂಲಿ ಸಹೋದರರಂತೆ ಆಗಬಹುದು ಎಂದು ಅಭಿಪ್ರಾಯಪಟ್ಟರಂತೆ. ಬರ್ನೂಲಿ ಸಹೋದರರು ಯುರೋಪಿನಲ್ಲಿ ಹೆಸರಾಂತ ಗಣಿತಜ್ಞರು. ಬೀಗದವರ ಮನೆಯಲ್ಲಿ ಅಂದು ಏನು ಸಂಭ್ರಮವಾಗಿರಬೇಕು ಎಂದು ನಾನು ಯೋಚಿಸುತ್ತೇನೆ.

1805ರಲ್ಲಿ ಜಾರ್ಜ್ ವಿಶ್ವವಿದ್ಯಾಲಯ ಸೇರಿದರು. ಇಲ್ಲಿ ಒಂದು ಸಂಗತಿ ಓದಿ ನನಗೆ ನಗು ಬಂತು, ಜೊತೆಗೆ ಸಮಾಧಾನವೂ ಆಯಿತು. ಸೇರಿದ ಮೇಲೆ ಅವರು ಪುಸ್ತಕಕ್ಕಿಂತ ನೃತ್ಯ, ಮಂಜುಗಡ್ಡೆಯ ಮೇಲೆ ಜಾರುವ ಆಟ, ಬಿಲಿಯರ್ಡ್ಸ್ ಇವುಗಳಲ್ಲೇ ಹೆಚ್ಚು ಕಾಲ ಕಳೆದರು. ತಮಗೆ ಸಿಗದ ಅವಕಾಶವನ್ನು ಮಗ ಹೀಗೆ ಹಾಳು ಮಾಡುತ್ತಿದ್ದಾನೆ ಎಂದು ತಂದೆಗೆ ಸಿಟ್ಟು ಬಂದು, ಓದು ಬಿಡಿಸಿ ಸ್ವಿಟ್ಜರ್ಲೆಂಡಿಗೆ ಕಳಿಸಿಬಿಟ್ಟರು. ಅಲ್ಲಿ ಗಾಟ್‌ಸ್ಟಾಟ್ ಎಂಬ ಊರಿನ ಶಾಲೆಯಲ್ಲಿ ಗಣಿತದ ಮೇಷ್ಟ್ರ ಕೆಲಸ. ಆಗ ಅವರ ವಯಸ್ಸು ಹದಿನೇಳು. ನನ್ನ ವಯಸ್ಸೂ ಅದೇ. ನನ್ನನ್ನು ಯಾರಾದರೂ ಈಗ ಪರದೇಶದ ಶಾಲೆಯಲ್ಲಿ ಪಾಠ ಮಾಡು ಎಂದು ಕಳಿಸಿದರೆ ಮಕ್ಕಳ ಗತಿ ಏನಾಗುವುದೋ.

ಆದರೆ ಆ ಊರಿನಲ್ಲಿ ಅವರು ಬದಲಾದರು. ಲಾಂಗ್ಸ್‌ಡಾರ್ಫ್ ಹೈಡೆಲ್‌ಬರ್ಗ್‌ಗೆ ಹೋದಾಗ ಜಾರ್ಜ್‌ಗೂ ಅಲ್ಲಿಗೆ ಹೋಗುವ ಆಸೆ ಇತ್ತು. ಅಲ್ಲಿಗೆ ಬರುವ ಬದಲು ದೊಡ್ಡ ಗಣಿತಜ್ಞರ ಪುಸ್ತಕಗಳನ್ನು ಸ್ವಂತವಾಗಿ ಓದು ಎಂಬುದು ಗುರುಗಳ ಸಲಹೆಯಾಗಿತ್ತು. ಜಾರ್ಜ್ ಆಯ್ಲರ್, ಲಾಪ್ಲಾಸ್ ಇವರ ಗ್ರಂಥಗಳನ್ನು ಹಿಡಿದು ಕುಳಿತರು. ಗಾಟ್‌ಸ್ಟಾಟ್ ಬಿಟ್ಟು ನೂಶಾಟೆಲ್ ಊರಿನಲ್ಲಿ ಮನೆಪಾಠ ಹೇಳಿ ಹೊಟ್ಟೆ ಹೊರೆದರು. 1811ರಲ್ಲಿ ಎರ್ಲಾಂಗನ್‌ಗೆ ಹಿಂತಿರುಗಿ ಅದೇ ವರ್ಷ ಅಕ್ಟೋಬರ್‌ನಲ್ಲಿ ಡಾಕ್ಟರೇಟ್ ಪಡೆದರು. ಅಲ್ಲೇ ಗಣಿತ ಪಾಠ ಮಾಡಲು ತೊಡಗಿದರಾದರೂ ಅದರಿಂದ ಜೀವನ ನಡೆಯುವಂತಿರಲಿಲ್ಲ. ಮೂರು ಸೆಮಿಸ್ಟರ್ ಆದ ಮೇಲೆ ಬಿಟ್ಟರು. 1813ರಲ್ಲಿ ಬಾಂಬರ್ಗ್‌ನ ಒಂದು ಸಾಧಾರಣ ಶಾಲೆಯಲ್ಲಿ ಕೆಲಸ ಸಿಕ್ಕಿತು. ಆ ಶಾಲೆಯೂ 1816ರಲ್ಲಿ ಮುಚ್ಚಿತು. ಇಷ್ಟರ ನಡುವೆ ಅವರು ರೇಖಾಗಣಿತದ ಮೇಲೆ ಒಂದು ಪುಸ್ತಕ ಬರೆದು, ಅದನ್ನು ಪ್ರಷ್ಯಾದ ರಾಜ ಮೂರನೇ ಫ್ರೆಡ್ರಿಕ್ ವಿಲ್ಹೆಲ್ಮ್ ಅವರಿಗೆ ಕಳಿಸಿದರು. ರಾಜನಿಗೆ ಪುಸ್ತಕ ಮೆಚ್ಚುಗೆಯಾಯಿತು. 1817ರ ಸೆಪ್ಟೆಂಬರ್‌ನಲ್ಲಿ ಕೊಲೋನ್ ನಗರದ ಒಳ್ಳೆಯ ಪ್ರೌಢಶಾಲೆಯಲ್ಲಿ ಗಣಿತ ಮತ್ತು ಭೌತಶಾಸ್ತ್ರದ ಮೇಷ್ಟ್ರಾದರು.

ಕೊಲೋನ್ ಶಾಲೆಯಲ್ಲಿ ಒಂದು ಒಳ್ಳೆಯ ಪ್ರಯೋಗಾಲಯವಿತ್ತು. 1820ರಲ್ಲಿ ಡೆನ್ಮಾರ್ಕ್‌ನ ಅರ್ಸ್ಟೆಡ್ ಅವರು, ವಿದ್ಯುತ್ ಹರಿಯುವ ತಂತಿಯ ಹತ್ತಿರ ದಿಕ್ಸೂಚಿಯ ಮುಳ್ಳು ತಿರುಗುತ್ತದೆ ಎಂದು ತೋರಿಸಿದ ಮೇಲೆ ಯುರೋಪಿನ ತುಂಬ ಎಲ್ಲರೂ ತಂತಿ, ಮುಳ್ಳು ಹಿಡಿದು ಕುಳಿತರು. ಓಮ್ ಕೂಡ. ಬೀಗದ ಮನೆಯಲ್ಲಿ ಬೆಳೆದದ್ದು ಇಲ್ಲಿ ಕೆಲಸಕ್ಕೆ ಬಂತು. ಉಪಕರಣಗಳನ್ನು ಕೈಯಾರೆ ಮಾಡಿಕೊಳ್ಳುವುದು ಅವರಿಗೆ ಗೊತ್ತಿತ್ತು.

ಈಗ ನಮ್ಮ ಗಾಡಿಗೆ ಬರುತ್ತೇನೆ. ಇಲ್ಲದಿದ್ದರೆ ಮುಂದಿನದು ನನಗೆ ಅರ್ಥವಾದ ಹಾಗೆ ನಿಮಗೆ ಹೇಳಲು ಬರುವುದಿಲ್ಲ.

ಕಳೆದ ವರ್ಷ ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿದ ರಜೆಯಲ್ಲಿ ಮಾಮು ಮದುವೆಗೆಂದು ಹೈದರಾಬಾದಿಗೆ ಹೋಗಿದ್ದರು. ಊರ ಹೊರಗಿನ ಒಂದು ರೆಸಾರ್ಟಿನವರು ತಮ್ಮ ಬ್ಯಾಟರಿ ಗಾಡಿಗೆ ಎರಡು ಹೆಡ್‌ಲೈಟ್, ಹಾರ್ನ್, ಒಂದು ಹಾಡಿನ ಸೆಟ್ ಹಾಕಿಸಬೇಕೆಂದರು. ಅಂಗಡಿಯ ಹುಡುಗನೂ ನಾನೂ ಹೋದೆವು. ಗಾಡಿಯ ಸೀಟಿನ ಕೆಳಗೆ 12 ವೋಲ್ಟಿನ ನಾಲ್ಕು ಬ್ಯಾಟರಿ ಸಾಲಾಗಿ ಜೋಡಿಸಿದ್ದವು, ಒಟ್ಟು 48 ವೋಲ್ಟ್. ಲೈಟು, ಹಾರ್ನು ಎಲ್ಲ 12 ವೋಲ್ಟಿನವು. 48 ವೋಲ್ಟನ್ನು 12ಕ್ಕೆ ಇಳಿಸುವ ಕನ್ವರ್ಟರ್ ಡಬ್ಬಿ ಬೇಕಾಗುತ್ತದೆ ಎಂದು ಹುಡುಗ ಹೇಳಿದ. ನಾನು ಜಾಣತನ ತೋರಿಸಿದೆ. ನಾಲ್ಕರಲ್ಲಿ ಒಂದು ಬ್ಯಾಟರಿಯ ಎರಡು ತುದಿಯಿಂದ ವೈರ್ ಎಳೆದರೆ 12 ವೋಲ್ಟ್ ತಾನೇ ಸಿಗುತ್ತದೆ, ಡಬ್ಬಿಯ ಖರ್ಚು ಉಳಿಯುತ್ತದೆ ಎಂದೆ. ಅವನು ಸುಮ್ಮನಾದ. ಮಾಲೀಕರ ಮನೆಯವರು ಹೇಳಿದ ಮೇಲೆ ಕೂಲಿಯವನು ಇನ್ನೇನು ಹೇಳಿಯಾನು. ಎಲ್ಲವೂ ತಕ್ಷಣ ಉರಿಯಿತು, ಕೂಗಿತು, ಹಾಡಿತು. ಮಾಮು ಬಂದ ಮೇಲೆ ಕೆಲಸ ಮುಗಿಯಿತು ಎಂದಷ್ಟೇ ಹೇಳಿದೆ.

ಹಾಗೆ ಮಾಡಬಾರದು ಎಂಬುದಕ್ಕೆ ಕಾರಣ ಸರಳ. ಸಾಲಾಗಿ ಜೋಡಿಸಿದ ಬ್ಯಾಟರಿಗಳಿಗೆ ಚಾರ್ಜರ್ ಕೊಡುವ ಕರೆಂಟು ಎಲ್ಲಕ್ಕೂ ಒಂದೇ. ಆದರೆ ಖರ್ಚು ಒಂದಕ್ಕೆ ಮಾತ್ರ ಹೆಚ್ಚು. ಲೈಟು, ಹಾಡಿನ ಭಾರವೆಲ್ಲ ಹೊತ್ತ ಆ ಬ್ಯಾಟರಿ ಎಂದೂ ಪೂರ್ತಿ ತುಂಬುವುದಿಲ್ಲ, ಉಳಿದ ಮೂರು ಬೇಗ ತುಂಬಿ ಮೇಲೆ ಕುದಿಯುತ್ತವೆ. ಅರ್ಧ ಹಸಿವಿನಲ್ಲೇ ಇರುವ ಬ್ಯಾಟರಿಯ ಸೀಸದ ಪ್ಲೇಟುಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂತು ಅದು ಸಾಯುತ್ತದೆ. ನಮ್ಮದು ಎಂಟು ತಿಂಗಳಿಗೆ ಸತ್ತಿತು.

ಮಾಮು ಸೀಟು ಎತ್ತಿ ನೋಡಿದರು. ವೈರ್ ಎಲ್ಲಿಂದ ಹೊರಟಿದೆ ಎಂದು ನೋಡಿದ ಕೂಡಲೇ ಅವರಿಗೆ ಎಲ್ಲ ತಿಳಿಯಿತು. ಹುಡುಗನ ಕಡೆ ತಿರುಗಿ ಬೈದರು. ಅವನು ತಲೆ ತಗ್ಗಿಸಿದ, ನನ್ನ ಕಡೆ ನೋಡಲೂ ಇಲ್ಲ. ಹೊಸ ಬ್ಯಾಟರಿಯ ಖರ್ಚು ಅಂಗಡಿಯದ್ದೇ, ಅದರಲ್ಲಿ ಒಂದು ಪಾಲನ್ನು ಹುಡುಗನ ಕೂಲಿಯಿಂದ ವಾರಕ್ಕೆ 200 ರೂಪಾಯಿಯಂತೆ ಹಿಡಿಯಬೇಕು ಎಂದು ಮಾಮು ತೀರ್ಮಾನಿಸಿದರು. ಅದನ್ನು ಪುಸ್ತಕದಲ್ಲಿ ಬರೆಯಬೇಕಾದವರು ಯಾರು? ನಾನು. ಮೊದಲ ಶನಿವಾರ ಬರೆದೆ. ಎರಡನೇ ಶನಿವಾರವೂ ಬರೆದೆ.

ಇದೇ ದಿನಗಳಲ್ಲಿ ನಾನು ಓಮ್ ಅವರ ಬಗ್ಗೆ ಓದುತ್ತಿದ್ದದ್ದು.

1825ರಲ್ಲಿ ಓಮ್ ತಮ್ಮ ಮೊದಲ ಲೇಖನ ಪ್ರಕಟಿಸಿದರು. ತಂತಿ ಉದ್ದವಾದಂತೆ ವಿದ್ಯುತ್ತಿನ ಪರಿಣಾಮ ಹೇಗೆ ಕಡಿಮೆಯಾಗುತ್ತದೆ ಎಂಬುದು ಅದರ ವಿಷಯ. ಅದಕ್ಕೆ ಒಂದು ಸೂತ್ರವನ್ನೂ ಕೊಟ್ಟರು. ಆ ಸೂತ್ರ ಸರಿ ಇರಲಿಲ್ಲ. ತಪ್ಪಿನ ಮೂಲ ಅವರು ಬಳಸಿದ ಬ್ಯಾಟರಿ. ಅಂದಿನ ಬ್ಯಾಟರಿಗಳಿಗೆ ತಂತಿ ಜೋಡಿಸಿದ ಕೂಡಲೇ ಶಕ್ತಿ ಜೋರಾಗಿರುತ್ತಿತ್ತು, ನಂತರ ಕುಸಿಯುತ್ತಿತ್ತು, ಬಿಚ್ಚಿಟ್ಟರೆ ಮತ್ತೆ ಸ್ವಲ್ಪ ಚೇತರಿಸಿಕೊಳ್ಳುತ್ತಿತ್ತು. ಅಳೆಯುವ ಗಜಕಡ್ಡಿಯೇ ಗಳಿಗೆಗೊಮ್ಮೆ ಉದ್ದ ಗಿಡ್ಡ ಆಗುತ್ತಿದ್ದರೆ ಬಟ್ಟೆ ಅಳೆಯುವುದು ಹೇಗೆ? ವಿಜ್ಞಾನ ಪತ್ರಿಕೆಯೊಂದರ ಸಂಪಾದಕರಾಗಿದ್ದ ಪೊಗ್ಗೆನ್‌ಡಾರ್ಫ್ ಅವರು, ಈ ಬ್ಯಾಟರಿ ಬಿಟ್ಟು ಶಾಖದಿಂದ ವಿದ್ಯುತ್ ಕೊಡುವ ಜೋಡಿಯನ್ನು ಬಳಸಿ ನೋಡಿ ಎಂದು ಸೂಚಿಸಿದರು. ಎರಡು ಬೇರೆ ಲೋಹಗಳನ್ನು ಜೋಡಿಸಿ ಒಂದು ಸಂಧಿಯನ್ನು ಬಿಸಿ, ಇನ್ನೊಂದನ್ನು ತಣ್ಣಗೆ ಇಟ್ಟರೆ ವಿದ್ಯುತ್ ಹರಿಯುತ್ತದೆ ಎಂಬುದನ್ನು ಸೀಬೆಕ್ 1821ರಲ್ಲಿ ಕಂಡುಹಿಡಿದಿದ್ದರು.

ಓಮ್ ಬಿಸ್ಮತ್ ಲೋಹದ ಪಟ್ಟಿಗೆ ಎರಡೂ ಕಡೆ ತಾಮ್ರ ಜೋಡಿಸಿದರು. ಒಂದು ಸಂಧಿ ಕುದಿಯುವ ನೀರಿನಲ್ಲಿ, ಇನ್ನೊಂದು ಮಂಜುಗಡ್ಡೆಯಲ್ಲಿ. ನೀರು ಕುದಿಯುವ ಬಿಸಿ ಒಂದೇ, ಮಂಜು ಕರಗುವ ತಣ್ಣನೆಯೂ ಒಂದೇ. ಹಾಗಾಗಿ ವಿದ್ಯುತ್ತಿನ ಒತ್ತಡವೂ ಅಲುಗಾಡದೆ ನಿಂತಿತು. ತಂತಿಯ ಮೇಲೆ ಕಾಂತದ ಮುಳ್ಳೊಂದನ್ನು ತೆಳ್ಳನೆಯ ಲೋಹದ ಪಟ್ಟಿಯಿಂದ ತೂಗುಬಿಟ್ಟರು. ವಿದ್ಯುತ್ ಹರಿದಾಗ ಮುಳ್ಳು ಸರಿಯುತ್ತದೆ. ಮೇಲಿನ ತಿರುಗಣೆಯನ್ನು ತಿರುಗಿಸಿ ಮುಳ್ಳನ್ನು ಮೊದಲಿನ ಜಾಗಕ್ಕೆ ತರಬೇಕು. ಎಷ್ಟು ತಿರುಗಿಸಬೇಕಾಯಿತೋ ಅಷ್ಟು ವಿದ್ಯುತ್ ಪ್ರವಾಹ. ಒಂದೇ ದಪ್ಪದ ಎಂಟು ತಾಮ್ರದ ತಂತಿಗಳನ್ನು, 2 ಅಂಗುಲದಿಂದ 130 ಅಂಗುಲದವರೆಗೆ, ಒಂದಾದ ಮೇಲೊಂದು ಇಟ್ಟು ಅಳೆದರು. 1826ರಲ್ಲಿ ಹೊಸ ಸೂತ್ರ ಬಂತು. ಹಿಂದಿನ ವರ್ಷ ಅಚ್ಚಾಗಿದ್ದ ತಮ್ಮದೇ ಸೂತ್ರದ ಬದಲಿಗೆ, ತಮ್ಮದೇ ಹೆಸರಿನಲ್ಲಿ, ಎಲ್ಲರೂ ಓದುವಂತೆ ಅದನ್ನು ಅಚ್ಚು ಹಾಕಿಸಿದರು.

ಹೊಸ ಸೂತ್ರವನ್ನು ಮಾತಿನಲ್ಲಿ ಹೇಳುವುದಾದರೆ ಹೀಗೆ: ಹರಿಯುವ ಪ್ರವಾಹ ಎಂದರೆ ತಳ್ಳುವ ಶಕ್ತಿಯನ್ನು ಒಟ್ಟು ಅಡ್ಡಿಯಿಂದ ಭಾಗಿಸಿದ್ದು. ಅಡ್ಡಿ ಎರಡು ಭಾಗ. ಒಂದು, ನಾವು ಇಟ್ಟ ತಂತಿಯದ್ದು. ಇನ್ನೊಂದು, ಉಪಕರಣದ ಒಳಗೇ ಇರುವುದು, ಕಣ್ಣಿಗೆ ಕಾಣದ್ದು. ಈ ಎರಡನೆಯದನ್ನು ಅವರು ಲೆಕ್ಕಕ್ಕೆ ಬಿಡಲಿಲ್ಲ ಎನ್ನುವುದೇ ನನಗೆ ಬಹಳ ಹಿಡಿಸಿತು. ನಮ್ಮ ಪಠ್ಯಪುಸ್ತಕದಲ್ಲಿ ವಿಭವಾಂತರ, ಪ್ರವಾಹ, ರೋಧ ಎಂದು ಮೂರು ಅಕ್ಷರಗಳಲ್ಲಿ ಮುಗಿದು ಹೋಗುವ ಸೂತ್ರದ ಹಿಂದೆ ಕುದಿಯುವ ನೀರು, ಮಂಜುಗಡ್ಡೆ ಮತ್ತು ಒಂದು ವರ್ಷದ ತಪ್ಪು ಇದೆ ಎಂದು ಹತ್ತನೇ ತರಗತಿಯಲ್ಲಿ ಯಾರೂ ನನಗೆ ಹೇಳಿರಲಿಲ್ಲ. ಹೇಳಿದ್ದರೂ ನಾನು ಕೇಳಿರುತ್ತಿರಲಿಲ್ಲ ಬಿಡಿ.

ಅಂದ ಹಾಗೆ ಈ ಸಂಬಂಧವನ್ನು ಓಮ್‌ಗಿಂತ ಮೊದಲೇ, 1781ರಲ್ಲಿ, ಇಂಗ್ಲೆಂಡಿನ ಹೆನ್ರಿ ಕ್ಯಾವೆಂಡಿಷ್ ಕಂಡುಕೊಂಡಿದ್ದರು. ಅಳೆಯಲು ಮೀಟರ್ ಇರಲಿಲ್ಲವಾದ್ದರಿಂದ ತಮ್ಮ ಮೈಗೇ ಶಾಕ್ ಕೊಟ್ಟುಕೊಂಡು ಎಷ್ಟು ಜೋರು ಎಂದು ಗುರುತಿಸುತ್ತಿದ್ದರು! ಆದರೆ ಅವರು ಅದನ್ನು ಯಾರಿಗೂ ಹೇಳದೆ ಕಾಗದದಲ್ಲಿ ಬರೆದಿಟ್ಟರು. ಮ್ಯಾಕ್ಸ್‌ವೆಲ್ ಆ ಕಾಗದಗಳನ್ನು ಪ್ರಕಟಿಸಿದ್ದು 1879ರಲ್ಲಿ.

ಗಾಡಿಯ ಎರಡನೇ ಭಾಗ ಹೇಳುತ್ತೇನೆ. ಮಾಮು ಹೊಸ ಬ್ಯಾಟರಿ ಹಾಕಿ, ನಾಲ್ಕೂ ಬ್ಯಾಟರಿಯಿಂದ ಸಮನಾಗಿ ಎಳೆಯುವ ಕನ್ವರ್ಟರ್ ಡಬ್ಬಿ ಕೂಡಿಸಿ, ಲೈಟಿನ ವೈರನ್ನು ಅದಕ್ಕೆ ಕೊಟ್ಟರು. ಆದರೂ ಹೆಡ್‌ಲೈಟ್ ಮಂಕು, ಹಳದಿ. ಹಾರ್ನು ಶೀತ ಹಿಡಿದವರ ಗಂಟಲಿನ ಹಾಗೆ. ನಾನು ಬಲ್ಬು ಬಿಚ್ಚಿ ಹೋಲ್ಡರಿನಲ್ಲಿ ಮೀಟರ್ ಇಟ್ಟೆ. 12.8 ವೋಲ್ಟ್ ತೋರಿಸಿತು. ಡಬ್ಬಿಯಲ್ಲೂ 12.8. ವೈರಿಂಗ್ ಸರಿಯಾಗಿದೆ, ಬಲ್ಬೇ ಕೆಟ್ಟಿದೆ ಎಂದು ಹೊಸ ಬಲ್ಬು ತಂದು ಹಾಕಿದೆ. ಅದೂ ಮಂಕು. ಡಬ್ಬಿ ಬದಲಿಸೋಣ ಎಂದೆ. ಮಾಮು ತಲೆ ಅಲ್ಲಾಡಿಸಿ ಮೀಟರ್ ತೆಗೆದುಕೊಂಡರು.

ಅವರು ಬಲ್ಬು ಹಾಗೇ ಇರಲಿ, ಲೈಟು ಹಾಕು ಎಂದರು. ಉರಿಯುತ್ತಿರುವಾಗಲೇ ಅಳೆದರು. ಡಬ್ಬಿಯಲ್ಲಿ 12.8 ಇದ್ದದ್ದು ಹಾಗೇ ಇತ್ತು, ಬಲ್ಬಿನ ಎರಡು ತುದಿಯ ನಡುವೆ ಮಾತ್ರ 9.6. ಮೂರು ವೋಲ್ಟಿಗೂ ಮೇಲೆ ದಾರಿಯಲ್ಲೇ ಕಳೆದುಹೋಗಿತ್ತು. ಬಲ್ಬು ಬಿಚ್ಚಿದಾಗ ಕರೆಂಟು ಹರಿಯುವುದೇ ಇಲ್ಲ. ಹರಿಯದಿದ್ದರೆ ಅಡ್ಡಿಗೆ ಏನೂ ಕಳೆದುಕೊಳ್ಳುವುದಿಲ್ಲ, ಮೀಟರ್ ಪೂರ್ತಿ ವೋಲ್ಟ್ ತೋರಿಸುತ್ತದೆ. ನಾನು ಮೋಸ ಹೋದದ್ದು ಅಲ್ಲಿ. ಹಗ್ಗ ಸವೆದಿದೆಯೋ ಇಲ್ಲವೋ ಎಂದು ಭಾರ ಕಟ್ಟದೆ ಹೇಗೆ ಗೊತ್ತಾಗುತ್ತದೆ?

ಆಮೇಲೆ ಮಾಮು ಒಂದು ಕಡ್ಡಿಯನ್ನು ಡಬ್ಬಿಯ ಪ್ಲಸ್ ಮೇಲೆ, ಇನ್ನೊಂದನ್ನು ಬಲ್ಬಿನ ಪ್ಲಸ್ ಮೇಲೆ ಇಟ್ಟರು. 0.2 ವೋಲ್ಟ್. ಅಷ್ಟು ಹೋಗುವುದು ಸಹಜ. ನಂತರ ಮೈನಸ್ ಕಡೆ: ಬಲ್ಬಿನ ಮೈನಸ್ಸಿನಿಂದ ಡಬ್ಬಿಯ ಮೈನಸ್‌ವರೆಗೆ 3.0 ವೋಲ್ಟ್. ನಾನು ಕಾಮರ್ಸ್ ವಿದ್ಯಾರ್ಥಿಯಾದ್ದರಿಂದ ಮನಸ್ಸಿನಲ್ಲೇ ತಾಳೆ ಪಟ್ಟಿ ಹಾಕಿದೆ. ಒಂದು ಕಡೆ 12.8. ಇನ್ನೊಂದು ಕಡೆ 9.6, 0.2, 3.0. ಪೈಸೆ ವ್ಯತ್ಯಾಸವಿಲ್ಲದೆ ತಾಳೆಯಾಯಿತು! ಟ್ರಯಲ್ ಬ್ಯಾಲೆನ್ಸ್ ತಾಳೆಯಾದಾಗ ನಮ್ಮ ಅಕೌಂಟೆನ್ಸಿ ಸರ್ ಮುಖದಲ್ಲಿ ಬರುವ ನಗು ನನ್ನ ಮುಖದಲ್ಲೂ ಬಂದಿರಬೇಕು.

ಮೈನಸ್ ವೈರಿನ ಜಾಡು ಹಿಡಿದು ಒಂದೊಂದೇ ಜೋಡಣೆ ದಾಟುತ್ತ ಹೋದೆವು. ಡ್ಯಾಶ್‌ಬೋರ್ಡಿನ ಹಿಂದೆ ಒಂದು ಕಡೆ ಎರಡು ವೈರ್ ಸುಮ್ಮನೆ ಹೊಸೆದು ಮೇಲೆ ಟೇಪ್ ಸುತ್ತಿತ್ತು. ಆ ಗಂಟಿನ ಈ ಕಡೆ ಆ ಕಡೆ ಕಡ್ಡಿ ಇಟ್ಟರೆ ಹೆಚ್ಚು ಕಡಿಮೆ ಪೂರ್ತಿ 3 ವೋಲ್ಟ್ ಅಲ್ಲೇ. ಟೇಪ್ ಬಿಚ್ಚಿದರೆ ತಾಮ್ರ ಹಸಿರಾಗಿತ್ತು, ಪ್ಲಾಸ್ಟಿಕ್ ಕಂದಿತ್ತು, ಮುಟ್ಟಿದರೆ ಬೆಚ್ಚಗಿತ್ತು. ಕ್ಲಾಂಪ್ ಮೀಟರಿನಲ್ಲಿ ಕರೆಂಟು 6 ಆಂಪಿಯರ್. 3 ವೋಲ್ಟನ್ನು 6ರಿಂದ ಭಾಗಿಸಿ, ಅರ್ಧ ಓಮ್. ಇಷ್ಟೇ ಇಷ್ಟು. ಮೂರನ್ನು ಆರರಿಂದ ಗುಣಿಸಿದರೆ 18 ವಾಟ್, ಒಂದು ಸಣ್ಣ ಸಾಲ್ಡರ್ ಕಾವಿನಷ್ಟು ಬಿಸಿ ಆ ಗಂಟಿನಲ್ಲಿ ದಿನಾ ರಾತ್ರಿ ಉರಿಯುತ್ತಿತ್ತು. ಇನ್ನೂ ಕೆಲವು ತಿಂಗಳು ಬಿಟ್ಟಿದ್ದರೆ ಏನಾಗುತ್ತಿತ್ತೋ. ಆ ಗಂಟು ಹಾಕಿದ್ದು ಯಾರು ಎಂದು ಬೇರೆ ಹೇಳಬೇಕಾಗಿಲ್ಲ. ನನ್ನ ಕೈ ಹೊಸೆತ ನನಗೆ ಗೊತ್ತು.

ಮಾಮು ಗಾಡಿಯ ಟೋ–ರನ್ ಸ್ವಿಚ್ಚನ್ನು ಟೋಗೆ ಹಾಕಿ, ಬ್ಯಾಟರಿ ಸಾಲಿನ ಮೈನಸ್ ಬಿಚ್ಚಿ, ನನ್ನ ಕೈಗಡಿಯಾರ ತೆಗೆಸಿದರು. 48 ವೋಲ್ಟ್ ಮೈಗೆ ಅಷ್ಟಾಗಿ ಹೊಡೆಯದಿದ್ದರೂ ಲೋಹದ ಪಟ್ಟಿ ಅಡ್ಡ ಬಿದ್ದರೆ ಕೆಂಪಗೆ ಕಾದು ಕೈ ಸುಡುತ್ತದೆ. ಹಸಿರು ತಾಮ್ರ ಕತ್ತರಿಸಿ, ಹೊಸ ಲಗ್ ಒತ್ತಿ, ಮೈನಸ್ಸಿಗೆ ಪ್ಲಸ್ಸಿನಷ್ಟೇ ದಪ್ಪದ ವೈರ್ ಕೊಟ್ಟು ನೇರವಾಗಿ ಡಬ್ಬಿಗೇ ತಂದರು. ಪ್ಲಸ್ಸಿನಲ್ಲಿ ಡಬ್ಬಿಯ ಹತ್ತಿರವೇ ಫ್ಯೂಸ್ ಹಾಕಿದರು. ಮತ್ತೆ ಲೈಟು ಹಾಕಿ ಅಳೆದಾಗ ಬಲ್ಬಿನಲ್ಲಿ 12.4. ಎದುರಿನ ಗೋಡೆ ಬೆಳ್ಳಗಾಯಿತು. ಹುಡುಗ ಪಕ್ಕದಲ್ಲೇ ನಿಂತು ಪಾನಾ ಕೊಡುತ್ತಿದ್ದ. ಮೂರನೇ ಶನಿವಾರ ಎರಡು ದಿನ ಇತ್ತು.

ಓಮ್ ಅವರ ಮುಂದಿನ ಕಥೆ ಇಷ್ಟು ಬೆಳಕಿನದಲ್ಲ. ಶಾಲೆಯಿಂದ ಅರ್ಧ ಸಂಬಳದ ಮೇಲೆ ಒಂದು ವರ್ಷ ರಜೆ ಪಡೆದು ತಮ್ಮ ಮಾರ್ಟಿನ್ ಇದ್ದ ಬರ್ಲಿನ್‌ಗೆ ಹೋಗಿ ಕುಳಿತು, 1827ರಲ್ಲಿ ವಿದ್ಯುತ್ ಮಂಡಲದ ಗಣಿತವನ್ನು ಕುರಿತು ದೊಡ್ಡ ಪುಸ್ತಕ ಪ್ರಕಟಿಸಿದರು. ಫ್ರಾನ್ಸಿನ ಫೂರಿಯೆ ಶಾಖ ಹರಿಯುವುದನ್ನು ಗಣಿತದಲ್ಲಿ ವಿವರಿಸಿದ್ದ ರೀತಿಯಲ್ಲೇ ಇವರು ವಿದ್ಯುತ್ ಹರಿಯುವುದನ್ನು ವಿವರಿಸಿದ್ದರು. ಈ ಪುಸ್ತಕದಿಂದ ವಿಶ್ವವಿದ್ಯಾಲಯದಲ್ಲಿ ಕೆಲಸ ಸಿಗುತ್ತದೆ ಎಂಬುದು ಅವರ ನಿರೀಕ್ಷೆ. ಸಿಕ್ಕಿದ್ದು ಟೀಕೆ. ಬರ್ಲಿನ್ನಿನ ಪೋಲ್ ಎಂಬ ಭೌತಶಾಸ್ತ್ರದ ಅಧ್ಯಾಪಕರು ಪುಸ್ತಕವನ್ನು ಕಟುವಾಗಿ ಖಂಡಿಸಿದರು. ಪ್ರಕೃತಿಯನ್ನು ತತ್ತ್ವದಿಂದ ಅರಿಯಬೇಕೇ ಹೊರತು ಹೀಗೆ ಲೆಕ್ಕ ಹಾಕಿ ಅಲ್ಲ ಎನ್ನುವ ಗುಂಪು ಅಲ್ಲಿ ಬಲವಾಗಿತ್ತು, ಶಿಕ್ಷಣ ಇಲಾಖೆಯಲ್ಲೂ ಅವರದ್ದೇ ಮಾತು ನಡೆಯುತ್ತಿತ್ತು.

ಓಮ್ ನೊಂದುಕೊಂಡು 1828ರಲ್ಲಿ ಕೊಲೋನ್ ಕೆಲಸಕ್ಕೆ ರಾಜೀನಾಮೆ ಕೊಟ್ಟರು. ನನ್ನ ಅಭಿಪ್ರಾಯದಲ್ಲಿ ಅದು ಅವಸರವಾಯಿತು. ಅಷ್ಟು ಒಳ್ಳೆಯ ಪ್ರಯೋಗಾಲಯ ಬಿಟ್ಟು ಹೋಗಬಾರದಿತ್ತು. ಆದರೆ ಹತ್ತು ವರ್ಷ ದುಡಿದದ್ದಕ್ಕೆ ಬೆಲೆ ಇಲ್ಲ ಎನ್ನಿಸಿದ ಮನುಷ್ಯನಿಗೆ ಲೆಕ್ಕಾಚಾರ ಹೇಳುವುದು ಸುಲಭ. ಮುಂದೆ ಐದು ವರ್ಷಕ್ಕೂ ಹೆಚ್ಚು ಕಾಲ ಅವರು ಬರ್ಲಿನ್ನಿನ ಸೈನಿಕ ಶಾಲೆಯಲ್ಲಿ ವಾರಕ್ಕೆ ಕೆಲವೇ ಗಂಟೆ ಗಣಿತ ಪಾಠ ಮಾಡಿಕೊಂಡು ಕಷ್ಟದಲ್ಲಿ ಜೀವನ ನಡೆಸಿದರು. ಇವತ್ತು ಜಗತ್ತಿನ ಪ್ರತಿ ಮೀಟರಿನ ಮೇಲೆ ಅವರ ಗುರುತಿದೆ. ಅಂದು ಅವರಿಗೆ ಕಾಯಂ ಕೆಲಸ ಇರಲಿಲ್ಲ.

1833ರಲ್ಲಿ ನ್ಯೂರೆಂಬರ್ಗ್‌ನ ಪಾಲಿಟೆಕ್ನಿಕ್‌ನಲ್ಲಿ ಪ್ರಾಧ್ಯಾಪಕರಾದರು, 1839ರಲ್ಲಿ ಅದರ ಮುಖ್ಯಸ್ಥರೂ ಆದರು. ಅಷ್ಟರಲ್ಲಿ ಲೈಪ್‌ಜಿಗ್‌ನ ಫೆಖ್ನರ್, ಫ್ರಾನ್ಸಿನ ಪೂಯಿಯೆ ತಾವೇ ಪ್ರಯೋಗ ಮಾಡಿ ನೋಡಿ ಓಮ್ ಹೇಳಿದ್ದು ಸರಿ ಎಂದು ಕಂಡುಕೊಂಡಿದ್ದರು. ಟೆಲಿಗ್ರಾಫ್ ತಂತಿ ಎಳೆಯುವ ಕಾಲ ಬಂದದ್ದರಿಂದ ಓಮ್ ಸೂತ್ರ ಇಲ್ಲದೆ ಕೆಲಸ ನಡೆಯುವಂತಿರಲಿಲ್ಲ. ಮೈಲಿಗಟ್ಟಲೆ ತಂತಿಯ ಆಚೆ ತುದಿಗೆ ಎಷ್ಟು ಕರೆಂಟು ತಲುಪುತ್ತದೆ ಎಂದು ತಿಳಿಯಬೇಕಿತ್ತಲ್ಲ! ಲಂಡನ್ನಿನ ವೀಟ್‌ಸ್ಟೋನ್ ಅವರು ಓಮ್ ಸೂತ್ರದ ಮೇಲೆಯೇ ತಮ್ಮ ಅಳತೆಯ ಕ್ರಮವನ್ನು ನಿಲ್ಲಿಸಿದರು. 1841ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿ ಓಮ್ ಅವರಿಗೆ ಕಾಪ್ಲಿ ಪದಕ ನೀಡಿತು, ಅದೇ ವರ್ಷ ಅವರ ಪುಸ್ತಕ ಇಂಗ್ಲಿಷಿಗೂ ಬಂತು. ಮರುವರ್ಷ ವಿದೇಶಿ ಸದಸ್ಯರನ್ನಾಗಿ ಮಾಡಿಕೊಂಡಿತು. ಸ್ವಂತ ನಾಡಿನ ಬವೇರಿಯಾ ಅಕಾಡೆಮಿ ಪೂರ್ಣ ಸದಸ್ಯತ್ವ ಕೊಟ್ಟದ್ದು 1845ರಲ್ಲಿ.

ಓಮ್ ಮದುವೆಯಾಗಲಿಲ್ಲ. ಶಬ್ದದ ಬಗ್ಗೆಯೂ ಕೆಲಸ ಮಾಡಿದರು. ಹಲವು ಸ್ವರ ಕೂಡಿದ ಧ್ವನಿಯನ್ನು ಕಿವಿ ಬಿಡಿಸಿ ಬಿಡಿಸಿ ಕೇಳುತ್ತದೆ ಎಂದು 1843ರಲ್ಲಿ ಬರೆದರು. 1849ರಲ್ಲಿ ಮ್ಯೂನಿಕ್‌ಗೆ ಹೋದರು. ತಾವು ಜೀವನವೆಲ್ಲ ಬಯಸಿದ್ದ ವಿಶ್ವವಿದ್ಯಾಲಯದ ಭೌತಶಾಸ್ತ್ರ ಪೀಠ ಅವರಿಗೆ ದೊರೆತದ್ದು 1852ರಲ್ಲಿ. ಅದಾದ ಎರಡೇ ವರ್ಷಕ್ಕೆ, 1854ರ ಜುಲೈ 6ರಂದು, 65ನೇ ವಯಸ್ಸಿನಲ್ಲಿ ತೀರಿಕೊಂಡರು. 1881ರಲ್ಲಿ ಪ್ಯಾರಿಸ್‌ನಲ್ಲಿ ಸೇರಿದ ವಿದ್ಯುತ್ ತಜ್ಞರ ಅಂತರರಾಷ್ಟ್ರೀಯ ಸಮ್ಮೇಳನ ಅಡ್ಡಿಯ ಅಳತೆಗೆ ಓಮ್ ಎಂಬ ಹೆಸರನ್ನು ಒಪ್ಪಿಕೊಂಡಿತು. ಇಟಲಿಯ ವೋಲ್ಟಾ, ಫ್ರಾನ್ಸಿನ ಆಂಪಿಯರ್, ಜರ್ಮನಿಯ ಬೀಗದವರ ಮಗ, ಮೂವರೂ ನಮ್ಮ ಮಾಮುವಿನ ಹಳದಿ ಮೀಟರಿನ ಮುಖದ ಮೇಲೆ ಅಕ್ಕಪಕ್ಕದಲ್ಲಿದ್ದಾರೆ. ಓಮ್‌ಗೆ ಗ್ರೀಕ್ ಭಾಷೆಯ ಒಮೆಗಾ ಅಕ್ಷರ, ಕುದುರೆ ಲಾಳದ ಹಾಗೆ ಕಾಣುವುದು. ಇಂಗ್ಲಿಷಿನ ಓ ಬರೆದರೆ ಸೊನ್ನೆ ಎಂದು ಜನ ತಪ್ಪು ಓದುತ್ತಾರಲ್ಲ, ಅದಕ್ಕೆ.

ಮೂರನೇ ಶನಿವಾರ ಸಂಜೆ ಪುಸ್ತಕ ತೆರೆದೆ. ಹುಡುಗನ ಹೆಸರಿನ ಮುಂದೆ ಕೂಲಿ ಬರೆದೆ. ಕಡಿತ ಎಂಬ ಕಾಲಮ್ಮಿಗೆ ಬಂದಾಗ ಪೆನ್ನು ನಿಂತಿತು. ಮಾಮು ಅಸರ್ ನಮಾಜ್ ಮುಗಿಸಿ ಬಂದು ಚಹಾ ಕುಡಿಯುತ್ತಿದ್ದರು. ಬ್ಯಾಟರಿಗೆ ವೈರ್ ಕೊಟ್ಟದ್ದು ನಾನು, ಡಬ್ಬಿ ಬೇಕೆಂದು ಅವನು ಹೇಳಿದ್ದ, ನಾನೇ ಬೇಡ ಎಂದೆ, ಆ ಗಂಟೂ ನನ್ನದೇ ಎಂದು ಒಂದೇ ಉಸಿರಿಗೆ ಹೇಳಿಬಿಟ್ಟೆ. ಉರ್ದುವಿನಲ್ಲಿ ಹೇಳಿದೆ, ಹುಡುಗನಿಗೆ ಉರ್ದು ಬರುತ್ತದೆ, ಅವನೂ ಕೇಳಿಸಿಕೊಂಡ. ಮಾಮು ಬೈಯಲಿಲ್ಲ. ಚಹಾ ಮುಗಿಸಿದರು. ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದು ಮಾತ್ರ ಕೇಳಿದರು. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ನನ್ನ ಕೈಯಲ್ಲಿ ಹೊಡೆಸಿಕೊಂಡವನ ಹಾಗೆ ಹುಡುಗ ಯಾಕೆ ಸುಮ್ಮನಿದ್ದ ಎಂದೂ ಅವರು ಅವನನ್ನು ಕೇಳಿದರು. ಅವನು ನಕ್ಕು ಪಾನಾ ಒರೆಸತೊಡಗಿದ.

ತಪ್ಪು ನಮೂದನ್ನು ಅಳಿಸುವಂತಿಲ್ಲ, ಗೀಚುವಂತಿಲ್ಲ, ತಿದ್ದುಪಡಿ ನಮೂದನ್ನು ಬೇರೆಯಾಗಿಯೇ ಬರೆಯಬೇಕು ಎಂದು ಅಕೌಂಟೆನ್ಸಿ ಸರ್ ಕಲಿಸಿದ್ದಾರೆ. ಹಾಗೆಯೇ ಬರೆದೆ. ಹುಡುಗನಿಗೆ ಹಿಂದಿನ ಎರಡು ವಾರದ 400 ರೂಪಾಯಿ ವಾಪಸ್. ಈ ವಾರ ಕಡಿತ ಇಲ್ಲ. ಕೆಳಗೆ ನನ್ನ ಹೆಸರಿನಲ್ಲಿ ಹೊಸ ಖಾತೆ ತೆರೆದು, ಈದ್‌ಗೆ ಅಮ್ಮಿ ಕೊಟ್ಟ ದುಡ್ಡಿನಿಂದ ಮೊದಲ 500 ರೂಪಾಯಿ ಜಮಾ ಮಾಡಿದೆ. ಇನ್ನೂ ಬಹಳ ಬಾಕಿ ಇದೆ. ನಾಳೆ ಭಾನುವಾರ, ಇನ್ನೊಂದು ಬ್ಯಾಟರಿ ಗಾಡಿ ಬರುತ್ತದೆಯಂತೆ, ಹಿಂದಿನ ಲೈಟು ಒಂದು ಉರಿಯುವುದಿಲ್ಲವಂತೆ. ಮೀಟರ್ ಹಿಡಿಯುವುದು ಹುಡುಗ, ಟಾರ್ಚು ಹಿಡಿಯುವುದು ನಾನು ಎಂದು ಮಾಮು ಹೇಳಿದ್ದಾರೆ.